ಕರ್ಣಾಟಕದ ಜೈನ ಸೇನಾನಿಗಳ ಧ್ವಜ–ಲಾಂಛನಗಳು

ಜಿನಬಿಂಬ ಪ್ರತಿಷ್ಠಾ ಮಹೋತ್ಸವದ ವಿಧಿಗಳು ಧ್ವಜಾರೋಹಣದೊಡನೆ ಆರಂಭವಾಗುತ್ತವೆ. ಬಸದಿಯ ಮುಂದೆ ಧ್ವಜವೇರಿದಾಗ ಊರಿಗೆ ಊರೇ ಮಹೋತ್ಸವದ ಆರಂಭವನ್ನು ಅರಿಯುತ್ತದೆ. ಶ್ರಾವಕ ಶ್ರಾವಿಕೆಯರು ವ್ರತನಿಯಮಗಳಿಗೆ ಸಿದ್ಧರಾಗುತ್ತಾರೆ. ಇದೇ ನಾಡಿನಲ್ಲಿ ಒಂದು ಕಾಲಕ್ಕೆ ಇನ್ನೊಂದು ಬಗೆಯ ಧ್ವಜಗಳೂ ಏರುತ್ತಿದ್ದವು. ದಂಡನಾಯಕ, ಮಹಾಪ್ರಚಂಡದಂಡನಾಯಕ, ಮಹಾಸಾಮಂತಾಧಿಪತಿ ಮುಂತಾದ ಪದವಿಗಳನ್ನು ಹೊತ್ತ ಸೇನಾನಿಗಳ ಮುಂದೆ ಧ್ವಜ, ಛತ್ರ, ಚಾಮರ, ವಾದ್ಯಗಳು ನಡೆಯುತ್ತಿದ್ದವು. ಆ ಸೇನಾನಿಗಳಲ್ಲಿ ಅನೇಕರು ಪರಮ ಜಿನಭಕ್ತರಾಗಿದ್ದರೆಂಬುದು ಕರ್ಣಾಟಕದ ಇತಿಹಾಸದ ಒಂದು ವಿಶೇಷ. ಜೀವದಯೆಯನ್ನೇ ಧರ್ಮದ ಮೂಲವೆಂದು ನಂಬಿದವರು ರಣಧ್ವಜವನ್ನು ಎತ್ತಿದ್ದು ಹೇಗೆ, ಎತ್ತಿದ ಧ್ವಜವನ್ನು ಕೊನೆಗೆ ಎಲ್ಲಿಗೆ ಒಯ್ದರು ಎಂಬುದನ್ನು ಶಾಸನಗಳ ಬೆಳಕಿನಲ್ಲಿ ನೋಡುವುದು ಪ್ರತಿಷ್ಠೆಯ ಈ ಸಂದರ್ಭದಲ್ಲಿ ಉಚಿತವಾಗಿದೆ.

ಧ್ವಜ ಮತ್ತು ಲಾಂಛನ

ಪ್ರಾಚೀನ ಶಾಸನಗಳಲ್ಲಿ ಧ್ವಜ ಮತ್ತು ಲಾಂಛನ ಎಂಬ ಎರಡು ಮಾತುಗಳು ಬೇರೆಬೇರೆ ಅರ್ಥದಲ್ಲಿ ಬಳಕೆಯಾಗಿವೆ. ತಾಮ್ರಪಟಗಳ ಮುದ್ರೆಯಲ್ಲಿಯೂ ನಾಣ್ಯಗಳಲ್ಲಿಯೂ ಒತ್ತಿದ ಗುರುತು ಲಾಂಛನ. ಕೋಲಿಗೆ ಕಟ್ಟಿ ಎತ್ತಿ ಹಿಡಿದದ್ದು ಧ್ವಜ. ಒಂದೇ ವಂಶಕ್ಕೆ ಇವೆರಡೂ ಒಂದೇ ಆಗಿರಬೇಕೆಂಬ ನಿಯಮವಿರಲಿಲ್ಲ. ಕದಂಬರ ಲಾಂಛನ ಸಿಂಹ, ಧ್ವಜ ವಾನರ. ಗಂಗರ ಲಾಂಛನ ಮದಗಜ, ಧ್ವಜ ಪಿಂಛ. ಪದ್ಮಾವತೀ ದೇವಿಯ ವರಪ್ರಸಾದವನ್ನು ಪಡೆದವರೆಂದು ತಮ್ಮನ್ನು ಹೇಳಿಕೊಂಡ ಹೊಂಬುಜದ ಸಾಂತರರು ವಾನರಧ್ವಜರು. ಸವದತ್ತಿಯ ರಟ್ಟರು ಸುವರ್ಣಗರುಡಧ್ವಜರು.

ರಣರಂಗದಲ್ಲಿ ಧ್ವಜಕ್ಕೆ ಅತ್ಯಂತ ವಾಸ್ತವವಾದ ಒಂದು ಕೆಲಸವಿತ್ತು. ಆನೆ ಕುದುರೆಗಳ ತುಳಿತದಿಂದ ಎದ್ದ ಧೂಳಿನಲ್ಲಿ, ಭೇರಿ ಕಹಳೆಗಳ ಸದ್ದಿನಲ್ಲಿ, ಕಾಲಾಳಿಗೆ ತನ್ನ ನಾಯಕನು ಎಲ್ಲಿದ್ದಾನೆಂಬುದನ್ನು ತಿಳಿಸುತ್ತಿದ್ದುದು ಧ್ವಜವೊಂದೇ. ಅದು ಮುಂದೆ ಸಾಗಿದರೆ ಸೈನ್ಯ ಮುಂದೆ ಸಾಗುತ್ತಿತ್ತು. ಅದು ಉರುಳಿದರೆ ನಾಯಕನೇ ಉರುಳಿದನೆಂದು ಸೈನ್ಯ ಚೆದರುತ್ತಿತ್ತು. ಆದುದರಿಂದಲೇ ಶತ್ರುವಿನ ಧ್ವಜವನ್ನು ಕಸಿದುಕೊಳ್ಳುವುದು ಅವನ ರಾಜ್ಯವನ್ನು ಗೆದ್ದುದಕ್ಕೆ ಸಮವೆನಿಸಿತ್ತು. ರಾಷ್ಟ್ರಕೂಟ ಮೂರನೆಯ ಗೋವಿಂದನು ಸೋತ ಅರಸರಿಂದ ಅವರವರ ಚಿಹ್ನೆಗಳನ್ನು ಕಿತ್ತುಕೊಂಡನೆಂದು ಅವನ ಕಾಲದ ನೇಸರಿಕೆಯ ತಾಮ್ರಶಾಸನವು ವಿವರಿಸುತ್ತದೆ. ಪಾಂಡ್ಯನ ಮೀನು, ಚೋಳನ ಹುಲಿ, ಪಲ್ಲವನ ವೃಷಭ, ಗಂಗನ ಆನೆ, ಕೇರಳನ ಬಿಲ್ಲು ಇವು ಆ ಪಟ್ಟಿಯಲ್ಲಿ ಸೇರಿವೆ.

ಧ್ವಜದ ಜೊತೆಗೆ ಇತರ ಗೌರವಚಿಹ್ನೆಗಳೂ ಇದ್ದವು. ಹಿರಿಯ ಸಾಮಂತರಿಗೂ ಸೇನಾನಿಗಳಿಗೂ ಅರಸನು ಕೊಡುತ್ತಿದ್ದ ಗೌರವಗಳಲ್ಲಿ ಪಂಚಮಹಾಶಬ್ದ ಮುಖ್ಯವಾದುದು. ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ ಎಂಬ ಐದು ವಾದ್ಯಗಳನ್ನು ನುಡಿಸಿಕೊಂಡು ಸಾಗುವ ಅಧಿಕಾರವದು. ಅರಸನ ಅಪ್ಪಣೆಯಿಲ್ಲದೆ ಯಾರೂ ಇದನ್ನು ತಾವಾಗಿಯೇ ಹೊಂದುವಂತಿರಲಿಲ್ಲ. ಆದುದರಿಂದ ಶಾಸನಗಳಲ್ಲಿ ಅಧಿಕಾರಿಯ ಹೆಸರಿಗೆ ಮೊದಲೇ ಪಂಚಮಹಾಶಬ್ದಗಳನ್ನು ಪಡೆದವನೆಂಬ ವಿಶೇಷಣ ಬರುತ್ತದೆ.

ಪಾಳಿಧ್ವಜ

ಧ್ವಜಗಳಲ್ಲಿ ಅತ್ಯಂತ ಗೌರವದ್ದು ಪಾಳಿಧ್ವಜ. ಬಾದಾಮಿಯ ಚಾಲುಕ್ಯ ವಿನಯಾದಿತ್ಯನ ಕಾಲದಲ್ಲಿ (ಕ್ರಿ. ಶ. ೬೮೧–೬೯೬) ಉತ್ತರಾಪಥದ ಒಡೆಯನ ಮೇಲೆ ನಡೆದ ದಂಡಯಾತ್ರೆಯಲ್ಲಿ ಇದು ಚಾಲುಕ್ಯರ ವಶವಾಯಿತು. ಯುವರಾಜನಾಗಿದ್ದ ವಿಜಯಾದಿತ್ಯನು ಗಂಗಾ ಯಮುನಾ ಚಿಹ್ನೆಗಳನ್ನೂ ಪಾಳಿಧ್ವಜವನ್ನೂ ಢಕ್ಕೆಯನ್ನೂ ಗೆದ್ದು ತಂದು ತನ್ನ ತಂದೆಗೆ ಒಪ್ಪಿಸಿದನೆಂದು ಶಾಸನಗಳು ಹೇಳುತ್ತವೆ. ಮುಂದೆ ರಾಷ್ಟ್ರಕೂಟರು ಓಕಕೇತುವಿನ ಜೊತೆಗೆ ಪಾಳಿಧ್ವಜವನ್ನೂ ತಮ್ಮ ಚಿಹ್ನೆಯಾಗಿ ಹೊಂದಿದರು.

ಈ ಪಾಳಿಧ್ವಜವೆಂದರೇನು? ಬಹುಕಾಲ ಇದು ವಿದ್ವಾಂಸರಿಗೆ ಬಿಡಿಸಲಾಗದ ತೊಡಕಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಕಾಶೀನಾಥ ಬಾಪೂಜಿ ಪಾಠಕರು ಇದಕ್ಕೆ ಉತ್ತರವನ್ನು ಹುಡುಕಿದ್ದು ಜಿನಸೇನಾಚಾರ್ಯರ ಆದಿಪುರಾಣದಲ್ಲಿ. ಆದಿತೀರ್ಥಂಕರರ ಸಮವಸರಣವನ್ನು ವರ್ಣಿಸುವಲ್ಲಿ ಆಚಾರ್ಯರು ಧ್ವಜಭೂಮಿಯನ್ನು ವಿವರವಾಗಿ ಹೇಳಿದ್ದಾರೆ. ಮಾಲೆ, ವಸ್ತ್ರ, ನವಿಲು, ಕಮಲ, ಹಂಸ, ಗರುಡ, ಸಿಂಹ, ವೃಷಭ, ಗಜ, ಚಕ್ರ ಎಂಬ ಹತ್ತು ಚಿಹ್ನೆಗಳ ಧ್ವಜಗಳು ಅಲ್ಲಿವೆ. ಒಂದೊಂದು ದಿಕ್ಕಿನಲ್ಲಿಯೂ ಒಂದೊಂದು ಬಗೆಯವು ೧೦೮. ಹತ್ತೂ ಬಗೆಗಳು ಸೇರಿ ದಿಕ್ಕಿಗೆ ೧೦೮೦. ನಾಲ್ಕು ದಿಕ್ಕುಗಳಿಂದ ಒಟ್ಟು ೪೩೨೦ ಧ್ವಜಗಳು. ಪಾಳಿಯೆಂದರೆ ಸಾಲು. ಹೀಗೆ ಸಾಲುಗೊಂಡ ಧ್ವಜಗಳ ಸಮೂಹವೇ ಪಾಳಿಧ್ವಜವೆಂದು ಪಾಠಕರು ತೋರಿಸಿಕೊಟ್ಟರು. ಮಹಾಕವಿಗಳೂ ಮಹಾಮುನಿಗಳೂ ಆದ ಜಿನಸೇನರು ರಾಷ್ಟ್ರಕೂಟ ಅಮೋಘವರ್ಷನ ಗುರುಗಳು. ಪಾಳಿಧ್ವಜವು ಚಕ್ರವರ್ತಿಯ ಮುಂದೆ ಸಾಗುತ್ತಿದ್ದ ಕಾಲದಲ್ಲಿ ಬಾಳಿದವರು.

ಇದರಿಂದ ಪಾಳಿಧ್ವಜದ ಹುಟ್ಟೇ ಜೈನವೆಂದು ಸಾಧಿಸಲು ಹೊರಡುವುದು ಸರಿಯಾಗದು. ಆದಿಪುರಾಣಕ್ಕಿಂತ ಒಂದು ಶತಮಾನಕ್ಕೂ ಹಿಂದೆಯೇ ಅದು ಚಾಲುಕ್ಯರ ಕೈಯಲ್ಲಿತ್ತು. ಗಮನಿಸಬೇಕಾದುದು ಬೇರೊಂದಿದೆ. ಅರಸನ ದಂಡಿನಲ್ಲಿ ಸಾಲುಗೊಂಡ ಧ್ವಜಗಳು ಅವನು ಗೆದ್ದ ನಾಡುಗಳನ್ನು ಸಾರಿದರೆ, ಸಮವಸರಣದ ಧ್ವಜಗಳು ಮೋಹನೀಯ ಕರ್ಮವನ್ನು ಗೆದ್ದ ಜಿನೇಶ್ವರನ ವಿಜಯವನ್ನು ಸಾರುತ್ತವೆ. ಹುಲಿಗೂ ಹುಲ್ಲೆಗೂ ವೈರವಿಲ್ಲದ ಆ ಸಭೆಯಲ್ಲಿ ಸಿಂಹಧ್ವಜದ ಪಕ್ಕದಲ್ಲಿಯೇ ಗಜಧ್ವಜ ಹಾರುತ್ತದೆ.

ಪಿಂಛಧ್ವಜ

ಗಂಗರ ಪಿಂಛಧ್ವಜದ ಕಥೆ ಜೈನ ಸಮಾಜಕ್ಕೆ ಪರಿಚಿತವಾದುದು. ಶಿವಮೊಗ್ಗ ಜಿಲ್ಲೆಯ ಕಲ್ಲೂರಗುಡ್ಡದ ಕ್ರಿ. ಶ. ೧೧೨೧ರ ಶಾಸನವು ಇದನ್ನು ವಿಸ್ತಾರವಾಗಿ ಹೇಳುತ್ತದೆ. ನೆಲೆಯನ್ನರಸುತ್ತ ಬಂದ ದಡಿಗ ಮತ್ತು ಮಾಧವ ಎಂಬ ರಾಜಕುಮಾರರು ಸಿಂಹನಂದ್ಯಾಚಾರ್ಯರನ್ನು ಕಾಣುತ್ತಾರೆ. ಮಾಧವನು ಒಂದೇ ಏಟಿಗೆ ಶಿಲಾಸ್ತಂಭವನ್ನು ಕತ್ತರಿಸುತ್ತಾನೆ. ಆಚಾರ್ಯರು ಅವರಿಗೆ ಕರ್ಣಿಕಾರದ ಎಸಳುಗಳ ಮುಕುಟವನ್ನಿಟ್ಟು, ಅಕ್ಷತೆಯನ್ನು ತಳಿದು, ತಮ್ಮ ನವಿಲುಗರಿಯ ಕುಂಚವನ್ನೇ ಧ್ವಜವಾಗಿ ಮಾಡಿಕೊಟ್ಟು ಹರಸುತ್ತಾರೆ. ಗಂಗರಾಜ್ಯ ಸ್ಥಾಪನೆಯಾಗಿ ಎಷ್ಟೋ ಶತಮಾನಗಳು ಕಳೆದ ಮೇಲೆ ಬರೆದ ಶಾಸನವಿದಾದುದರಿಂದ ಇತಿಹಾಸಕಾರರು ಇದನ್ನು ಪರಂಪರಾಗತ ಕಥೆಯೆಂದೇ ಪರಿಗಣಿಸುತ್ತಾರೆ. ಆದರೂ ಆ ವಂಶದವರು ತಮ್ಮ ಧ್ವಜದ ಅರ್ಥವನ್ನು ಹೇಗೆ ತಿಳಿದುಕೊಂಡಿದ್ದರೆಂಬುದಕ್ಕೆ ಇದು ಅಮೂಲ್ಯವಾದ ಸಾಕ್ಷಿ.

ದಿಗಂಬರ ಮುನಿಯ ಕೈಯ ಪಿಂಛವು ಜೀವರಕ್ಷಣೆಯ ಸಾಧನ. ಕುಳಿತುಕೊಳ್ಳುವ ನೆಲದಲ್ಲಿರುವ ಸೂಕ್ಷ್ಮಜೀವಿಗಳಿಗೂ ನೋವಾಗದಂತೆ ಮೃದುವಾಗಿ ಸರಿಸುವುದಕ್ಕಾಗಿ ನವಿಲು ತಾನಾಗಿಯೇ ಉದುರಿಸಿದ ಗರಿಗಳಿಂದ ಮಾಡಿದ ಉಪಕರಣವದು. ಅಂತಹ ವಸ್ತುವು ಸೈನ್ಯದ ಮುಂದೆ ಧ್ವಜವಾಗಿ ನಿಂತಿತು. ಮೇಲುನೋಟಕ್ಕೆ ಇದು ವಿರೋಧಾಭಾಸವೆನಿಸುತ್ತದೆ. ಅದೇ ಶಾಸನದಲ್ಲಿ ಧ್ವಜದ ಜೊತೆಗೆ ಆಚಾರ್ಯರು ಕೊಟ್ಟ ಎಚ್ಚರಿಕೆಯನ್ನೂ ಓದಿದಾಗ ಅದರ ಅರ್ಥ ತಿಳಿಯಾಗುತ್ತದೆ. ಕೊಟ್ಟ ಮಾತಿಗೆ ತಪ್ಪಿದರೆ, ಜಿನಶಾಸನವನ್ನು ಒಪ್ಪದಿದ್ದರೆ, ಪರಸ್ತ್ರೀಯರನ್ನು ಅಪಹರಿಸಿದರೆ, ಮಧು ಮಾಂಸಗಳನ್ನು ಸೇವಿಸಿದರೆ, ಬೇಡಿದವರಿಗೆ ಕೊಡದಿದ್ದರೆ, ರಣರಂಗದಿಂದ ಓಡಿಹೋದರೆ ಕುಲವೇ ನಾಶವಾಗುವುದೆಂದು ಅವರು ಹೇಳಿದರಂತೆ. ಅಧಿಕಾರವನ್ನು ಕೊಟ್ಟ ಕೈಯೇ ಅದಕ್ಕೆ ಎಲ್ಲೆಯನ್ನೂ ಹಾಕಿತು. ರಣದಿಂದ ಓಡಬಾರದೆಂಬ ಕ್ಷಾತ್ರಧರ್ಮವೂ ಮಾಂಸವನ್ನು ಮುಟ್ಟಬಾರದೆಂಬ ಶ್ರಾವಕಧರ್ಮವೂ ಒಂದೇ ಉಪದೇಶದಲ್ಲಿ ಬಂದಿವೆ.

ಗೃಹಸ್ಥನ ಅಣುವ್ರತದ ವಿಚಾರದಲ್ಲಿ ಜೈನಾಚಾರವು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಕೊಲ್ಲಬೇಕೆಂಬ ಸಂಕಲ್ಪದಿಂದಲೇ ಮಾಡುವ ಹಿಂಸೆ ಶ್ರಾವಕನಿಗೆ ಸರ್ವಥಾ ವರ್ಜ್ಯ. ನಾಡು, ಧರ್ಮ, ಆಶ್ರಿತರ ರಕ್ಷಣೆಗಾಗಿ ಆಕ್ರಮಣವನ್ನು ಎದುರಿಸುವಾಗ ಆಗುವುದು ವಿರೋಧೀ ಹಿಂಸೆ. ಅದನ್ನು ಪುಣ್ಯವೆಂದು ಯಾವ ಆಚಾರ್ಯರೂ ಹೇಳಲಿಲ್ಲ. ಗೃಹಸ್ಥನು ಸಂಪೂರ್ಣವಾಗಿ ತಪ್ಪಿಸಿಕೊಳ್ಳಲಾಗದ ದೋಷವೆಂದು ಹೇಳಿದರು. ಹಿಂದಿನ ಎಲ್ಲ ಯುದ್ಧಗಳೂ ರಕ್ಷಣೆಗಾಗಿಯೇ ನಡೆದವೆಂದು ಹೇಳಲಾಗುವುದಿಲ್ಲ. ಜೈನ ಸೇನಾನಿಗಳು ಅರಸರ ದಿಗ್ವಿಜಯಗಳಲ್ಲಿಯೂ ಪಾಲುಗೊಂಡರು. ಆ ದೋಷದ ಅರಿವು ಅವರಲ್ಲಿದ್ದಿತೆಂಬುದನ್ನು ಅವರ ಉತ್ತರಜೀವನವೇ ತೋರಿಸುತ್ತದೆ.

ಚೆಲ್ಲಕೇತನ

ಅರಸನ ಧ್ವಜವಲ್ಲದೆ ಸೇನಾನಿಯ ಮನೆತನಕ್ಕೇ ಸೇರಿದ ಧ್ವಜವೊಂದು ಹೆಸರಾದ ಉದಾಹರಣೆ ಬಂಕೆಯನದು. ಮುಕುಲ ಕುಲದ ಬಂಕೆಯನು ಅಮೋಘವರ್ಷ ನೃಪತುಂಗನ ಮಹಾಸೇನಾನಿ. ಅವನಿಗೆ ಚೆಲ್ಲಕೇತನ ಅಥವಾ ಸೆಲ್ಲಕೇತನ ಎಂಬ ಬಿರುದಿತ್ತು. ಚೆಲ್ಲ ಎಂಬ ಮಾತಿಗೆ ಈಟಿಯೆಂದು ಅರ್ಥ ಹೇಳಿದವರುಂಟು, ಹದ್ದು ಎಂದವರೂ ಉಂಟು. ಅರ್ಥವೇನೇ ಇರಲಿ, ಆ ಧ್ವಜವೇ ಮನೆತನದ ಹೆಸರಾಯಿತೆಂಬುದು ನಿಶ್ಚಿತ. ಗುಣಭದ್ರಾಚಾರ್ಯರ ಉತ್ತರಪುರಾಣದ ಪ್ರಶಸ್ತಿಯು ಬಂಕೆಯನ ಮಗನಾದ ಲೋಕಾದಿತ್ಯನನ್ನು ಪರಿಚಯಿಸುವಾಗ ಅವನು ಚೆಲ್ಲಪತಾಕನೆಂದೂ, ಚೆಲ್ಲಧ್ವಜನ ತಮ್ಮನೆಂದೂ, ಚೆಲ್ಲಕೇತನನ ಮಗನೆಂದೂ ಹೇಳುತ್ತದೆ. ತಂದೆ, ಅಣ್ಣ, ತಮ್ಮ ಮೂವರಿಗೂ ಒಂದೇ ಧ್ವಜ.

ಗದಗ ಜಿಲ್ಲೆಯ ಕೊಣ್ಣೂರಿನ ಶಾಸನವು ಬಂಕೆಯನ ಸೇವೆಯನ್ನು ವಿವರಿಸುತ್ತದೆ. ಗಂಗವಾಡಿಯ ಮೇಲೆ ದಂಡೆತ್ತಿ ಹೋಗಿ ಕೈದಾಳದ ಕೋಟೆಯನ್ನು ಹಿಡಿದು, ಕಾವೇರಿಯನ್ನು ದಾಟಿ ಮುನ್ನುಗ್ಗುತ್ತಿದ್ದಾಗ, ಅರಸನ ಮಗನೇ ದಂಗೆಯೆದ್ದ ಸುದ್ದಿ ಬಂದಿತು. ಅರಸನು ಕರೆಸಿದನು. ಮೂರು ತಿಂಗಳೊಳಗೆ ಶತ್ರುಗಳನ್ನು ಗೆದ್ದು ಒಡೆಯನಿಗೆ ನೆಮ್ಮದಿಯನ್ನು ತರದಿದ್ದರೆ ಅಗ್ನಿಪ್ರವೇಶ ಮಾಡುವೆನೆಂದು ಬಂಕೆಯನು ಪ್ರತಿಜ್ಞೆ ಮಾಡಿದನು, ಅದನ್ನು ನೆರವೇರಿಸಿದನು. ಬನವಾಸಿ ಮೊದಲಾದ ೩೦,೦೦೦ ಗ್ರಾಮಗಳ ಆಡಳಿತವನ್ನು ಅರಸನಿಂದ ಪಡೆದಿದ್ದ ಈ ಸೇನಾನಿಯು ಪ್ರಾರ್ಥಿಸಿದ್ದು ಕೊಳನೂರಿನಲ್ಲಿ ತಾನು ಕಟ್ಟಿಸಿದ ಜಿನಾಲಯಕ್ಕೆ ದತ್ತಿಯನ್ನು. ಶಕ ೭೮೨ರ (ಕ್ರಿ. ಶ. ೮೬೦) ಆಶ್ವಯುಜ ಹುಣ್ಣಿಮೆಯ ಚಂದ್ರಗ್ರಹಣದಂದು ಅಮೋಘವರ್ಷನು ತಲೆಯೂರು ಗ್ರಾಮವನ್ನು ದೇವೇಂದ್ರಮುನಿಗಳಿಗೆ ಧಾರೆಯೆರೆದನು. ಇಂದು ಕೊಣ್ಣೂರಿನಲ್ಲಿರುವ ಕಲ್ಲು ಆ ದತ್ತಿಯ ಮುಂದಿನ ಕಾಲದ ಪ್ರತಿಯೆಂಬುದೂ ಸ್ಮರಣಾರ್ಹ. ಹಳೆಯ ದಾಖಲೆಯನ್ನು ಜೋಪಾನ ಮಾಡಿ ಮತ್ತೆ ಕಲ್ಲಿನಲ್ಲಿ ಬರೆಸಿದವರು ಇದ್ದುದರಿಂದಲೇ ಈ ಸಂಗತಿ ಉಳಿದುಬಂದಿತು.

ಬಂಕೆಯನ ಹೆಸರಿನಿಂದಲೇ ಬಂಕಾಪುರ ಹುಟ್ಟಿತು. ಶಕ ೮೨೦ರಲ್ಲಿ ಉತ್ತರಪುರಾಣವನ್ನು ಭವ್ಯಜನರು ಪೂಜಿಸಿದುದು ಲೋಕಾದಿತ್ಯನ ಆಳ್ವಿಕೆಯ ಇದೇ ಊರಿನಲ್ಲಿ. ಸುಮಾರು ಕ್ರಿ. ಶ. ೯೭೪ರಲ್ಲಿ, ಅನೇಕ ಯುದ್ಧಗಳನ್ನು ಗೆದ್ದ ಗಂಗ ಎರಡನೆಯ ಮಾರಸಿಂಹನು ರಾಜ್ಯವನ್ನು ತ್ಯಜಿಸಿ ಅಜಿತಸೇನಾಚಾರ್ಯರ ಪಾದಮೂಲದಲ್ಲಿ ಮೂರು ದಿನಗಳ ಸಲ್ಲೇಖನ ವ್ರತವನ್ನು ಕೈಕೊಂಡು ದೇಹವನ್ನು ಬಿಟ್ಟದ್ದೂ ಬಂಕಾಪುರದಲ್ಲಿಯೇ. ಪಿಂಛಧ್ವಜದ ಅರಸನು ಕೊನೆಗೆ ಪಿಂಛಧಾರಿಗಳ ಸನ್ನಿಧಿಗೇ ಬಂದು ಸೇರಿದನು. ಆ ಊರಿನ ಕೋಟೆಯ ನೆಲ ಇಂದು ನವಿಲುಧಾಮವಾಗಿದೆ.

ಚಾವುಂಡರಾಯನ ಬಿರುದುಗಳು

ಮಾರಸಿಂಹನಿಗೂ ರಾಚಮಲ್ಲನಿಗೂ ಸೇನಾನಿಯೂ ಮಂತ್ರಿಯೂ ಆಗಿದ್ದವನು ಚಾವುಂಡರಾಯ. ಕ್ರಿ. ಶ. ೯೭೮ರಲ್ಲಿ ರಚಿತವಾದ ಅವನ ಚಾವುಂಡರಾಯಪುರಾಣದಲ್ಲಿ ಅವನ ಬಿರುದುಗಳೂ ಅವು ಬಂದ ಕಾರಣಗಳೂ ದೊರೆಯುತ್ತವೆ. ಖೇಡಗದ ಯುದ್ಧದಲ್ಲಿ ವಜ್ಜಳದೇವನನ್ನು ಗೆದ್ದುದರಿಂದ ಸಮರಧುರಂಧರ. ಗೋನೂರಿನ ಬಯಲಿನಲ್ಲಿ ನೊಳಂಬರೊಡನೆ ಕಾದಿದುದರಿಂದ ವೀರಮಾರ್ತಂಡ. ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನೊಡನೆ ಹೋರಾಡಿದುದರಿಂದ ರಣರಂಗಸಿಂಗ. ಒಂದೊಂದು ಬಿರುದೂ ಒಂದೊಂದು ವಿಜಯದ ಕುರುಹು. ಬಿರುದೆಂದರೆ ಮಾತಿನಲ್ಲಿ ಎತ್ತಿದ ಧ್ವಜವೇ ಸರಿ. ಅದೇ ಪಟ್ಟಿಯಲ್ಲಿ ಸತ್ಯಯುಧಿಷ್ಠಿರ, ಸಮ್ಯಕ್ತ್ವರತ್ನಾಕರ ಎಂಬ ಗುಣದ ಬಿರುದುಗಳೂ ಇವೆ.

ಇಷ್ಟು ಬಿರುದುಗಳ ಒಡೆಯನು ಕ್ರಿ. ಶ. ೯೮೧ರ ಸುಮಾರಿಗೆ ವಿಂಧ್ಯಗಿರಿಯ ಮೇಲೆ ಗೊಮ್ಮಟೇಶ್ವರನನ್ನು ನಿಲ್ಲಿಸಿದಾಗ ಆ ಮೂರ್ತಿಯ ಪಾದಗಳ ಬಳಿ ಏನನ್ನು ಬರೆಸಿದನು? ಕನ್ನಡ, ತಮಿಳು, ಮರಾಠಿ ಭಾಷೆಗಳಲ್ಲಿರುವ ಆ ಸಾಲುಗಳು ಚಾವುಂಡರಾಜನು ಮಾಡಿಸಿದನೆಂಬಷ್ಟನ್ನೇ ಹೇಳುತ್ತವೆ. ಸಮರಧುರಂಧರನಿಲ್ಲ, ವೀರಮಾರ್ತಂಡನಿಲ್ಲ, ಗೆದ್ದ ಕೋಟೆಗಳ ಹೆಸರಿಲ್ಲ. ಗೆದ್ದ ರಾಜ್ಯವನ್ನು ಗೆದ್ದ ಕ್ಷಣದಲ್ಲಿಯೇ ಬಿಟ್ಟು ನಿಂತ ಬಾಹುಬಲಿಯ ಮುಂದೆ ತನ್ನ ವಿಜಯಗಳನ್ನು ಹೇಳಿಕೊಳ್ಳಲು ಆ ಸೇನಾನಿಗೆ ಮನಸ್ಸು ಬಾರದೆ ಇದ್ದಿರಬೇಕು. ಸುಮಾರು ಒಂದೂವರೆ ಶತಮಾನದ ಮೇಲೆ ಗೊಮ್ಮಟನ ಸುತ್ತಾಲಯವನ್ನು ಕಟ್ಟಿಸಿದ ಗಂಗರಾಜನೂ ಅಲ್ಲಿ ಹಾಗೆಯೇ ತನ್ನ ಹೆಸರೊಂದನ್ನೇ ಬರೆಸಿದನು.

ಅದೇ ಬೆಟ್ಟದ ಮೇಲೆ ಚಾವುಂಡರಾಯನ ತ್ಯಾಗದ ಕಂಬವಿದೆ. ಅದರ ಪೀಠದಲ್ಲಿ ಚಾಮರಧಾರಿಗಳ ನಡುವೆ ಕುಳಿತವನು ಚಾವುಂಡರಾಯನೆಂದೂ ಅವನೊಡನಿರುವವರು ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳೆಂದೂ ಹೇಳುತ್ತಾರೆ. ಆ ಕಂಬದಲ್ಲಿ ಅವನ ಚರಿತ್ರೆಯನ್ನು ತಿಳಿಸುವ ದೀರ್ಘವಾದ ಶಾಸನವಿದ್ದಿತು. ಸುಮಾರು ಕ್ರಿ. ಶ. ೧೨೦೦ರಲ್ಲಿ ಹೆಗ್ಗಡೆ ಕಣ್ಣನೆಂಬವನು ತಾನು ಯಕ್ಷನನ್ನು ಮಾಡಿಸಿದ ಸಂಗತಿಯನ್ನು ಕೆಲವೇ ಸಾಲುಗಳಲ್ಲಿ ಬರೆಸುವುದಕ್ಕಾಗಿ ಮೂರು ಮುಖಗಳ ಬರಹವನ್ನು ಅಳಿಸಿಹಾಕಿದನು. ಒಂದು ಮುಖದ ಬರಹ ಮಾತ್ರ ಉಳಿದಿದೆ. ಅಳಿಸಿದವನು ಶತ್ರುವಲ್ಲ, ಅದೇ ಕ್ಷೇತ್ರದಲ್ಲಿ ಧರ್ಮಕಾರ್ಯವನ್ನು ಮಾಡಿಸಿದ ಭಕ್ತ.

ದ್ರೋಹಘರಟ್ಟ

ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಬಿರುದಾವಳಿಯಲ್ಲಿ ಸೇನಾಪದವಿಯ ಎಲ್ಲ ಗೌರವಗಳೂ ತುಂಬಿವೆ. ಪಂಚಮಹಾಶಬ್ದಗಳನ್ನು ಪಡೆದ ಮಹಾಸಾಮಂತಾಧಿಪತಿ, ಮಹಾಪ್ರಚಂಡದಂಡನಾಯಕ, ದ್ರೋಹಿಗಳನ್ನು ಬೀಸುವ ಕಲ್ಲಿನಂತಹ ದ್ರೋಹಘರಟ್ಟ ಅವನು. ಜೊತೆಗೆ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ವಿನೋದವುಳ್ಳವನು. ಜೈನಧರ್ಮವೆಂಬ ಸೌಧಕ್ಕೆ ಮೂಲಸ್ತಂಭವಾದವನು. ಚೋಳರ ಅಧೀನದಲ್ಲಿದ್ದ ತಲಕಾಡನ್ನು ಅವನು ಗೆದ್ದುಕೊಟ್ಟನು. ಕಣ್ಣೆಗಾಲದಲ್ಲಿ ಬೀಡುಬಿಟ್ಟಿದ್ದ, ಹನ್ನೆರಡು ಮಂದಿ ಸಾಮಂತರಿಂದ ಕೂಡಿದ ಚಾಲುಕ್ಯ ಸೈನ್ಯದ ಮೇಲೆ ಇರುಳಿನಲ್ಲಿ ಎರಗಿ, ಅವರ ವಾಹನ ಸಾಮಗ್ರಿಗಳನ್ನು ತಂದು ಒಡೆಯನಿಗೆ ಒಪ್ಪಿಸಿದನು. ಬೇಕಾದುದನ್ನು ಬೇಡಿಕೊಳ್ಳೆಂದು ವಿಷ್ಣುವರ್ಧನನು ಹೇಳಿದಾಗ ಅವನು ಬೇಡಿದ್ದು ಪರಮ ಎಂಬ ಗ್ರಾಮವನ್ನು. ಅದನ್ನು ಕ್ರಿ. ಶ. ೧೧೧೮ರಲ್ಲಿ ತಾಯಿ ಪೋಚವ್ವೆಯೂ ಮಡದಿ ಲಕ್ಷ್ಮೀದೇವಿಯೂ ಮಾಡಿಸಿದ ಜಿನಾಲಯಗಳಿಗೆ ದತ್ತಿಯಾಗಿ ಬಿಟ್ಟನು. ಇನ್ನೊಮ್ಮೆ ಪಡೆದ ಗೋವಿಂದವಾಡಿಯನ್ನು ಗೊಮ್ಮಟದೇವರ ಪೂಜೆಗೆ ಕೊಟ್ಟನು.

ಗಂಗರಾಜನು ತೀರಿಕೊಂಡ ಮೇಲೆ ಅವನ ಮಗ ಬೊಪ್ಪನು ದೋರಸಮುದ್ರದಲ್ಲಿ, ಇಂದಿನ ಹಳೆಯಬೀಡಿನಲ್ಲಿ, ತಂದೆಯ ನೆನಪಿಗಾಗಿ ಕ್ರಿ. ಶ. ೧೧೩೩ರಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿ ಅದಕ್ಕೆ ದ್ರೋಹಘರಟ್ಟ ಜಿನಾಲಯವೆಂದು ಹೆಸರಿಟ್ಟನು. ರಣದ ಬಿರುದು ಬಸದಿಯ ಹೆಸರಾಯಿತು. ಪ್ರತಿಷ್ಠೆಯ ಶೇಷಾಕ್ಷತೆಯನ್ನು ಹಿಡಿದು ಪೂಜಕರು ಅರಸನನ್ನು ಕಾಣಲು ಹೋದುದು ಬಂಕಾಪುರಕ್ಕೆ. ವಿಷ್ಣುವರ್ಧನನು ಆಗತಾನೇ ಮಸಣನೆಂಬ ವೈರಿಯನ್ನು ಗೆದ್ದಿದ್ದನು. ಅರಸಿಗೆ ಗಂಡುಮಗು ಹುಟ್ಟಿದ ಸುದ್ದಿಯೂ ಬಂದಿತ್ತು. ಅರಸನು ಎದ್ದು ನಿಂತು ಕೈಮುಗಿದು ಗಂಧೋದಕ ಶೇಷಾಕ್ಷತೆಗಳನ್ನು ಸ್ವೀಕರಿಸಿ, ಈ ದೇವರ ಪ್ರತಿಷ್ಠೆಯ ಫಲದಿಂದಲೇ ವಿಜಯವೂ ಪುತ್ರನೂ ದೊರೆತರೆಂದು ಸಂತೋಷಪಟ್ಟು, ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು. ಆ ಮಗನೇ ಮುಂದೆ ಅರಸನಾಗಿ, ತನ್ನ ಭಂಡಾರಿ ಹುಳ್ಳನು ಬೆಳ್ಗೊಳದಲ್ಲಿ ಕಟ್ಟಿಸಿದ ಚತುರ್ವಿಂಶತಿ ಜಿನಾಲಯಕ್ಕೆ ಕ್ರಿ. ಶ. ೧೧೫೯ರಲ್ಲಿ ಭವ್ಯಚೂಡಾಮಣಿಯೆಂಬ ಹೆಸರನ್ನೂ ಸವಣೇರು ಗ್ರಾಮವನ್ನೂ ಕೊಟ್ಟನು. ಜಿನಶಾಸನದ ಉದ್ಧಾರಕರಾಗಿ ಚಾವುಂಡರಾಯ, ಗಂಗರಾಜ, ಹುಳ್ಳ ಈ ಮೂವರನ್ನು ಶಾಸನವು ಒಟ್ಟಿಗೆ ಸ್ಮರಿಸುತ್ತದೆ.

ಈ ಪರಂಪರೆ ವಿಜಯನಗರದ ಕಾಲಕ್ಕೂ ಮುಂದುವರಿಯಿತು. ಎರಡನೆಯ ಹರಿಹರನ ದಂಡನಾಯಕ ಇರುಗಪ್ಪನು ಶಕ ೧೩೦೭ರಲ್ಲಿ ರಾಜಧಾನಿಯಲ್ಲಿಯೇ ಕುಂಥುಜಿನನಾಥನ ಚೈತ್ಯಾಲಯವನ್ನು ಕಟ್ಟಿಸಿದನು. ಅದನ್ನು ತಿಳಿಸುವ ಶಾಸನವು ಬಸದಿಯ ಮುಂದಿನ ಎತ್ತರವಾದ ಸ್ತಂಭದ ಮೇಲೆ ಇಂದಿಗೂ ಇದೆ.

ಉಳಿದುಬಂದ ಧ್ವಜ

ಪಾಳಿಧ್ವಜದ ಒಂದು ಎಳೆಯೂ ಉಳಿದಿಲ್ಲ. ಚೆಲ್ಲಧ್ವಜದ ಮೇಲಿದ್ದುದು ಈಟಿಯೋ ಹದ್ದೋ ಎಂಬುದೇ ಇಂದು ಚರ್ಚೆಯ ವಿಷಯ. ಗಂಗರ ಪಿಂಛಧ್ವಜವನ್ನು ಕಂಡವರಿಲ್ಲ. ಬಟ್ಟೆ, ಗರಿ, ಮರದ ಕೋಲುಗಳಿಂದಾದುವೆಲ್ಲ ಕಾಲಕ್ಕೆ ಸಂದವು. ಆ ಧ್ವಜಗಳಡಿಯಲ್ಲಿ ಪಡೆದುದನ್ನು ಬಸದಿಗಳಿಗೆ ಬಿಟ್ಟುಕೊಟ್ಟ ದತ್ತಿಯ ಬರಹಗಳು ಮಾತ್ರ ಕಲ್ಲಿನಲ್ಲಿ ನಿಂತಿವೆ. ಸೇನಾನಿಗಳ ಹೆಸರುಗಳು ಇಂದು ಜನರ ನೆನಪಿನಲ್ಲಿ ಉಳಿದಿರುವುದಾದರೂ ಅವರು ಇಟ್ಟುಕೊಂಡುದರಿಂದಲ್ಲ, ಕೊಟ್ಟುದರಿಂದ.

ಆದುದರಿಂದ ಹಳೆಯ ಬಸದಿಗಳ ಜೀರ್ಣೋದ್ಧಾರ ನಡೆಯುವಾಗ ಒಂದು ಎಚ್ಚರ ಅವಶ್ಯ. ಗೋಡೆಗೆ ಸುಣ್ಣ ಬಳಿಯುವ ಮುನ್ನ, ನೆಲಕ್ಕೆ ಹೊಸ ಕಲ್ಲನ್ನು ಹಾಸುವ ಮುನ್ನ, ದಾನಿಗಳ ಹೆಸರಿನ ಹೊಸ ಫಲಕವನ್ನು ಕೂರಿಸುವ ಮುನ್ನ, ಆ ಸ್ಥಳದಲ್ಲಿ ಹಳೆಯ ಅಕ್ಷರಗಳಿವೆಯೇ ಎಂದು ನೋಡಬೇಕು. ಇದ್ದರೆ ಬಲ್ಲವರಿಂದ ಓದಿಸಿ, ಪ್ರತಿ ತೆಗೆಸಿ ಕಾಪಾಡಬೇಕು. ಕೊಣ್ಣೂರಿನಲ್ಲಿ ಹಳೆಯ ದತ್ತಿಯನ್ನು ಮರಳಿ ಬರೆಸಿದವರೂ, ವಿಂಧ್ಯಗಿರಿಯಲ್ಲಿ ಮೂರು ಮುಖಗಳ ಬರಹವನ್ನು ಅಳಿಸಿದವನೂ ಧರ್ಮಶ್ರದ್ಧೆಯುಳ್ಳವರೇ. ಮೊದಲಿನವರಿಂದ ಬಂಕೆಯನ ಕಥೆ ಉಳಿಯಿತು. ಎರಡನೆಯವನಿಂದ ಚಾವುಂಡರಾಯನ ಕಥೆಯ ಬಹುಭಾಗ ಎಂದೆಂದಿಗೂ ಕಳೆದುಹೋಯಿತು. ಪ್ರತಿಷ್ಠೆಯ ಧ್ವಜವನ್ನು ಏರಿಸುವ ಕೈಗಳು ಈ ಎರಡು ಕಲ್ಲುಗಳನ್ನೂ ನೆನಪಿನಲ್ಲಿಡಬೇಕು.